ಹಾಲ್ ಆಫ್ ಫೇಮ್ ಬೆಳ್ಳಿಹಬ್ಬ: ಹೆಸರು ಯಾರದು, ಹಣ ಯಾರದು?

ಜಿಲ್ಲೆಯ ಹಳೆಯ ಆಟಗಾರರನ್ನು ಗೌರವ ಫಲಕಕ್ಕೆ ಸೇರಿಸುವ ಸಮಾರಂಭ, ಅದರ ಪ್ರಾಯೋಜಕತ್ವ, ಸನ್ಮಾನದ ವ್ಯವಸ್ಥೆ ಕುರಿತು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯಿಂದ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಕ್ರೀಡಾ ಸಂಘಟನೆ, ಲೆಕ್ಕಪತ್ರ, ವೇದಿಕೆ ನಿರ್ವಹಣೆ ಬಲ್ಲವರು ಸೇರಿ ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮ ಕ್ರೀಡಾ ಸಂಘದ ಹಾಲ್ ಆಫ್ ಫೇಮ್‌ಗೆ ಮುಂದಿನ ವರ್ಷ 25 ತುಂಬುತ್ತದೆ. ಬೆಳ್ಳಿಹಬ್ಬಕ್ಕೆ 25 ಸಾಧಕರನ್ನು ಒಂದೇ ದಿನ ಸೇರಿಸಬೇಕೆಂದು ಸಮಿತಿಯಲ್ಲಿ ಪಟ್ಟು ಹಿಡಿದಿದ್ದಾರೆ. ಏನು ಮಾಡಬಹುದು?
— ಸಂಘವೊಂದರ ಕಾರ್ಯದರ್ಶಿ, ತುಮಕೂರು

ಉತ್ತರ: ಎಂಟು ಮಂದಿಗೆ ನಿಲ್ಲಿಸಿ. ವಾದ ಬೇಡ, ಸಮಿತಿಯ ಮುಂದೆ ಗಡಿಯಾರ ಇಟ್ಟು ಲೆಕ್ಕ ತೋರಿಸಿ. ಹೆಸರು ಕರೆದ ಮೇಲೆ ಎಪ್ಪತ್ತು ದಾಟಿದವರು ಕುರ್ಚಿಯಿಂದ ಎದ್ದು ವೇದಿಕೆ ಮೆಟ್ಟಿಲು ಹತ್ತಲು ಒಂದು ನಿಮಿಷ ಬೇಕು. 150 ಪದಗಳ ಅಭಿನಂದನಾ ಪತ್ರ ಓದಲು ಒಂದೂವರೆ ನಿಮಿಷ. ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಆಮೇಲೆ 'ಸ್ವಲ್ಪ ಈ ಕಡೆ ನೋಡಿ ಸರ್' ಎನ್ನುವ ಛಾಯಾಗ್ರಾಹಕ, ಎಲ್ಲ ಸೇರಿ ಒಂದೂವರೆ. ಸಾಧಕರ ಮಾತಿಗೆ ಎರಡು. ಅಲ್ಲಿಗೆ ತಲೆಗೆ ಆರು ನಿಮಿಷ. 25 ಮಂದಿಗೆ ಎರಡೂವರೆ ಗಂಟೆ, ಅದೂ ಸ್ವಾಗತ, ಪ್ರಾಸ್ತಾವಿಕ, ಅತಿಥಿ ಭಾಷಣ, ವಂದನಾರ್ಪಣೆ ಬಿಟ್ಟು. ಎಂಟು ಮಂದಿಯಾದರೆ 48 ನಿಮಿಷ.

ಸಂಜೆ ಐದಕ್ಕೆಂದು ಕಾರ್ಡಿನಲ್ಲಿ ಹಾಕಿದ ಕಾರ್ಯಕ್ರಮ ಐದೂಮುಕ್ಕಾಲಿಗೆ ಶುರುವಾಗುತ್ತದೆ ಎಂದೇ ಇಟ್ಟುಕೊಳ್ಳಿ. ಏಳೂವರೆ ದಾಟಿತೆಂದರೆ ಪಾವಗಡ, ಶಿರಾ, ತುರುವೇಕೆರೆ ಕಡೆಯವರು ಬಸ್ಸಿನ ಹೊತ್ತು ನೋಡಿಕೊಂಡು ಒಬ್ಬೊಬ್ಬರಾಗಿ ಎದ್ದುಬಿಡುತ್ತಾರೆ. ಹದಿನೆಂಟನೆಯ ಸಾಧಕರಿಗೆ ಸನ್ಮಾನ ಮಾಡುವ ಹೊತ್ತಿಗೆ ಎದುರಿಗೆ ಉಳಿಯುವವರು ಅವರ ಮನೆಯವರು ಮತ್ತು ಶಾಮಿಯಾನದವನು.

ಎಣಿಕೆಗಿಂತ ನಿಯಮ ಮುಖ್ಯ. ಅಮೆರಿಕದ ಕೂಪರ್ಸ್‌ಟೌನ್‌ನಲ್ಲಿರುವ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ 1936ರ ಮೊದಲ ಮತದಾನದಲ್ಲಿ ಆಯ್ಕೆಯಾದವರು ಐದೇ ಮಂದಿ. ಅಲ್ಲಿ ಇವತ್ತಿಗೂ ಕ್ರೀಡಾ ಬರಹಗಾರರ ಮತದಲ್ಲಿ ಶೇ. 75 ಸಿಗದಿದ್ದರೆ ಆಯ್ಕೆಯಿಲ್ಲ. 2009ರಲ್ಲಿ ಶುರುವಾದ ಐಸಿಸಿ ಹಾಲ್ ಆಫ್ ಫೇಮ್, ಅಂತರರಾಷ್ಟ್ರೀಯ ಕ್ರಿಕೆಟ್‌ನಿಂದ ನಿವೃತ್ತರಾಗಿ ಐದು ವರ್ಷ ಕಳೆಯಲಿ ಎಂದು ಕಾಯುತ್ತದೆ. ಅನಿಲ್ ಕುಂಬ್ಳೆ 2008ರಲ್ಲಿ ಟೆಸ್ಟ್ ಬಿಟ್ಟರು, 2015ರಲ್ಲಿ ಅಲ್ಲಿ ಸೇರಿದರು. ಜಿಲ್ಲಾ ಮಟ್ಟಕ್ಕೂ ಇವೆರಡೂ ಹೊಂದುತ್ತವೆ: ಐದು ವರ್ಷದ ಅಂತರ, ಮುಕ್ಕಾಲು ಭಾಗ ಮತ.

ಆಯ್ಕೆ ಸಮಿತಿ ಏಳು ಮಂದಿಯದಿರಲಿ. ಬೇರೆ ಬೇರೆ ಆಟದ ಹಳಬರು ಮೂವರು (ಅದರಲ್ಲಿ ಕನಿಷ್ಠ ಒಬ್ಬ ಮಹಿಳೆ), ನಿವೃತ್ತ ದೈಹಿಕ ಶಿಕ್ಷಕರು ಒಬ್ಬರು, ತೀರ್ಪುಗಾರರು ಒಬ್ಬರು, ಕ್ರೀಡಾ ವರದಿಗಾರರು ಒಬ್ಬರು, ಸಂಘದ ಪದಾಧಿಕಾರಿ ಒಬ್ಬರೇ. ಏಳರಲ್ಲಿ ಆರು ಮತ ಬಿದ್ದರೆ ಆಯ್ಕೆ. ಐದು ಬಿದ್ದರೆ ಶೇ. 71 ಆಯಿತು, ಮುಕ್ಕಾಲು ಮುಟ್ಟಲಿಲ್ಲ. ತನ್ನ ಶಿಷ್ಯನ ಹೆಸರೋ ಸಂಬಂಧಿಯ ಹೆಸರೋ ಬಂದಾಗ ಸದಸ್ಯರು ಹೊರಗೆ ಹೋಗಬೇಕು, ಹೋದದ್ದು ನಡಾವಳಿ ಪುಸ್ತಕದಲ್ಲಿ ಬರಬೇಕು. ಪ್ರಾಯೋಜಕರಿಗಾಗಲಿ ಅವರ ಪ್ರತಿನಿಧಿಗಾಗಲಿ ಈ ಸಮಿತಿಯಲ್ಲಿ ಜಾಗವಿಲ್ಲ. ಪಟ್ಟಿ ಅಂತಿಮವಾಗಿ ಸಹಿ ಬಿದ್ದ ಮೇಲೆಯೇ ಪ್ರಾಯೋಜಕರ ಬಾಗಿಲಿಗೆ ಹೋಗಿ. ಈ ಕ್ರಮ ತಿರುವುಮುರುವಾದಲ್ಲಿ 'ನಮ್ಮ ಭಾವನವರೂ ವಾಲಿಬಾಲ್ ಆಡ್ತಿದ್ರು' ಎಂಬ ಮಾತು ಖಂಡಿತ ಬರುತ್ತದೆ.

ಉಳಿದ 17 ಹೆಸರು ವ್ಯರ್ಥವಾಗುವುದಿಲ್ಲ. ಒಮ್ಮೆ ಬಂದ ನಾಮನಿರ್ದೇಶನ ಮೂರು ವರ್ಷ ಜೀವಂತ ಎಂದು ನಿಯಮ ಬರೆದುಕೊಳ್ಳಿ. ಹತ್ತು ತಾಲ್ಲೂಕಿಗೂ ಒಂದೊಂದು ಕೊಡಿ ಎನ್ನುವ ಬೇಡಿಕೆಯನ್ನು ಮಾತ್ರ ಒಪ್ಪಬೇಡಿ. ಬದಲಿಗೆ ತಂಡಗಳಿಗೆಂದೇ ಒಂದು ವಿಭಾಗ ತೆರೆಯಿರಿ. ಖೋಖೋ, ಕಬಡ್ಡಿಯಲ್ಲಿ ಒಂದೂರಿನ ತಂಡವೇ ಹತ್ತು ವರ್ಷ ಮೆರೆದಿರುತ್ತದೆ, ಅದರಲ್ಲಿ ಒಬ್ಬರನ್ನು ಆರಿಸಿದರೆ ಉಳಿದ ಹನ್ನೊಂದು ಮಂದಿ ಸಮಾರಂಭದ ಕಡೆ ತಲೆ ಹಾಕುವುದಿಲ್ಲ.

ಪ್ರಶ್ನೆ: 'ರಾಷ್ಟ್ರಮಟ್ಟದ ಆಟಗಾರ' ಎಂದು ಹೇಳಿಕೊಂಡು ಬರುವ ಅರ್ಜಿಗಳೇ ಹೆಚ್ಚು. ಪ್ರಮಾಣಪತ್ರ ನಿಜವೋ ಅಲ್ಲವೋ ತಿಳಿಯುವುದು ಹೇಗೆ?
— ದೈಹಿಕ ಶಿಕ್ಷಕರು, ಕೊರಟಗೆರೆ

ಉತ್ತರ: ಪೂರಾ ಖೋಟಾ ಪ್ರಮಾಣಪತ್ರ ಅಪರೂಪ. ಕಾಗದ ಅಸಲಿ, ಆದರೆ ಕೂಟಕ್ಕೆ ಮಾನ್ಯತೆಯೇ ಇಲ್ಲ ಎನ್ನುವುದೇ ಹೆಚ್ಚು. 'ಆಲ್ ಇಂಡಿಯಾ', 'ನ್ಯಾಷನಲ್', 'ಇಂಡೋ-ನೇಪಾಳ' ಎಂದು ಹೆಸರಿಟ್ಟುಕೊಂಡು ಪ್ರವೇಶ ಶುಲ್ಕ ಕಟ್ಟಿದವರನ್ನೆಲ್ಲ ಆಡಿಸುವ ಕೂಟಗಳು ಬೇಕಾದಷ್ಟಿವೆ.

ಮೊದಲು ನೋಡಬೇಕಾದ್ದು ಸಂಘಟಕರ ಹೆಸರು. ಕೇಂದ್ರ ಕ್ರೀಡಾ ಸಚಿವಾಲಯ ಮಾನ್ಯ ಮಾಡಿದ ರಾಷ್ಟ್ರೀಯ ಫೆಡರೇಷನ್ನೇ? ಶಾಲಾ ಕೂಟವಾದರೆ ಭಾರತೀಯ ಶಾಲಾ ಕ್ರೀಡಾ ಫೆಡರೇಷನ್ನೇ, ವಿಶ್ವವಿದ್ಯಾಲಯದ್ದಾದರೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘವೇ? ಎರಡನೆಯದು, ಆಟಗಾರ ಯಾರ ಪರ ಆಡಿದ? 'ಕರ್ನಾಟಕ' ಎಂದಿರಬೇಕು. ಕ್ಲಬ್ಬಿನ ಹೆಸರಿದ್ದರೆ ಅದು ಆಹ್ವಾನಿತ ಕೂಟ. ಮೂರನೆಯದು, ಭಾಗವಹಿಸಿದ್ದೋ ಪದಕ ಬಂದದ್ದೋ. ಹಳೆಯ ಪತ್ರಗಳಲ್ಲಿ 'ಸ್ಥಾನ' ಎಂಬ ಸಾಲು ಖಾಲಿ ಬಿಟ್ಟಿರುತ್ತಾರೆ, ಆಮೇಲೆ ಬೇರೆ ಶಾಯಿಯಲ್ಲಿ ಅಂಕಿ ಬಂದು ಕೂತಿರುತ್ತದೆ. ಬೆಳಕಿಗೆ ಹಿಡಿದರೆ ಗೊತ್ತಾಗುತ್ತದೆ.

ಅನುಮಾನ ಬಂದದ್ದನ್ನು ರಾಜ್ಯ ಫೆಡರೇಷನ್ನಿಗೆ ಸಂಘದ ಲೆಟರ್‌ಹೆಡ್‌ನಲ್ಲಿ ಕಳಿಸಿ, ಕೂಟ ನಡೆದ ವರ್ಷ, ಊರು, ವಯೋಮಿತಿ ಬರೆದು ದೃಢೀಕರಣ ಕೇಳಿ. ಉತ್ತರಕ್ಕೆ ಒಂದೂವರೆ ತಿಂಗಳು ಹಿಡಿಯುತ್ತದೆ ಎಂದೇ ದಿನ ಹಾಕಿಕೊಳ್ಳಬೇಕು. 1990ಕ್ಕಿಂತ ಹಿಂದಿನವರ ಕಾಗದ ಎಷ್ಟೋ ಸಲ ಗೆದ್ದಲು ತಿಂದಿರುತ್ತದೆ. ಅಂಥವರಿಗೆ ಆ ಕಾಲದ ಪತ್ರಿಕಾ ತುಣುಕು, ತಂಡದ ಗುಂಪು ಫೋಟೊ, ಕ್ರೀಡಾ ಕೋಟಾದಲ್ಲಿ ನೌಕರಿ ಸೇರಿದ್ದರೆ ಸೇವಾ ಪುಸ್ತಕದ ನಕಲು, ಜೊತೆಗೆ ಆಡಿದ ಇಬ್ಬರ ಲಿಖಿತ ಹೇಳಿಕೆ, ಇವುಗಳಲ್ಲಿ ಎರಡಿದ್ದರೆ ಒಪ್ಪಿಕೊಳ್ಳಿ. ಕಾಗದ ಕಳೆದುಕೊಂಡ ಬಡ ಆಟಗಾರನನ್ನು ಹೊರಗಿಡುವುದಕ್ಕಿಂತ ಅವನ ಪರವಾಗಿ ಸಂಘವೇ ನಾಲ್ಕು ಕಡೆ ಓಡಾಡಿ ದಾಖಲೆ ಹುಡುಕುವುದು ಸರಿ ಎಂಬುದು ನಮ್ಮ ಅಭಿಪ್ರಾಯ.

ಏಕಲವ್ಯ, ಕ್ರೀಡಾರತ್ನ, ಅರ್ಜುನ ಪ್ರಶಸ್ತಿ ಪಡೆದವರಿಗೆ ಈ ತಪಾಸಣೆ ಬೇಕಿಲ್ಲ. ಸರ್ಕಾರದ ಪಟ್ಟಿಯಲ್ಲಿ ಹೆಸರು ನೋಡಿಕೊಂಡರೆ ಮುಗಿಯಿತು.

ಪ್ರಶ್ನೆ: ವಸಂತನರಸಾಪುರದ ಕಾರ್ಖಾನೆಯೊಂದು ಸಮಾರಂಭದ ಪೂರ್ತಿ ಖರ್ಚು ಕೊಡಲು ಮುಂದೆ ಬಂದಿದೆ. 'ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಹೊಣೆಗಾರಿಕೆ) ಹಣದಲ್ಲಿ ಕೊಡುತ್ತೇವೆ, ವೇದಿಕೆ ಮೇಲೆ ನಮ್ಮ ಬ್ಯಾನರ್ ಇರಲಿ, 80ಜಿ (ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿಯ) ರಸೀದಿ ಕೊಡಿ' ಎನ್ನುತ್ತಾರೆ. ನಮ್ಮ ಆಡಿಟರ್ ಮೂರೂ ಒಟ್ಟಿಗೆ ಆಗದು ಎನ್ನುತ್ತಾರೆ. ಯಾರ ಮಾತು ಸರಿ?
— ಸಂಘವೊಂದರ ಖಜಾಂಚಿ, ತುಮಕೂರು

ಉತ್ತರ: ಆಡಿಟರ್ ಮಾತು ಸರಿ. ಒಂದೇ ಹಣಕ್ಕೆ ಮೂರು ಬಣ್ಣ ಬಳಿಯಲಾಗದು. ಮೂರನ್ನೂ ಬೇರ್ಪಡಿಸಿಕೊಂಡರೆ ಅದೇ ಕಾರ್ಖಾನೆಯಿಂದ ಕ್ರಮಬದ್ಧವಾಗಿಯೇ ಹಣ ಪಡೆಯಬಹುದು.

ಸಿಎಸ್‌ಆರ್ ಮೊದಲು. ಹಿಂದಿನ ಹಣಕಾಸು ವರ್ಷದಲ್ಲಿ 500 ಕೋಟಿ ನಿವ್ವಳ ಸಂಪತ್ತು, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿ, ಮೂರು ವರ್ಷದ ಸರಾಸರಿ ಲಾಭದ ಶೇ. 2ನ್ನು ಸಮಾಜದ ಕೆಲಸಕ್ಕೆ ಬಳಸಬೇಕೆಂದು 2013ರ ಕಂಪನಿ ಕಾಯ್ದೆಯ 135ನೇ ಕಲಂ ಹೇಳುತ್ತದೆ. ಆ ಕಾಯ್ದೆಯ 7ನೇ ಅನುಸೂಚಿಯಲ್ಲಿ ಕ್ರೀಡೆ ಇದೆ ನಿಜ. ಆದರೆ ಅಲ್ಲಿರುವುದು ಗ್ರಾಮೀಣ, ರಾಷ್ಟ್ರಮಾನ್ಯ, ಪ್ಯಾರಾಲಿಂಪಿಕ್ ಮತ್ತು ಒಲಿಂಪಿಕ್ ಕ್ರೀಡೆಗಳ ಉತ್ತೇಜನಕ್ಕೆ 'ತರಬೇತಿ'. ಮ್ಯಾರಥಾನ್, ಪ್ರಶಸ್ತಿ ಸಮಾರಂಭದಂಥ ಒಂದು ದಿನದ ಕಾರ್ಯಕ್ರಮ ಸಿಎಸ್‌ಆರ್ ಖರ್ಚಾಗದು ಎಂದು ಕಂಪನಿ ವ್ಯವಹಾರಗಳ ಸಚಿವಾಲಯ 2014ರ ಜೂನ್ 18ರ ಸುತ್ತೋಲೆಯಲ್ಲೇ ಹೇಳಿದೆ. 2021ರ ತಿದ್ದುಪಡಿ ಇನ್ನೊಂದು ಬಾಗಿಲನ್ನೂ ಮುಚ್ಚಿತು: ತನ್ನ ಸರಕಿನ ಪ್ರಚಾರಕ್ಕಾಗಿ ಮಾಡಿದ ಪ್ರಾಯೋಜಕತ್ವ ಸಿಎಸ್‌ಆರ್ ಅಲ್ಲ.

ಹಾಗಾಗಿ ಕಾರ್ಖಾನೆಯವರ ಮುಂದೆ ಎರಡು ಪ್ರತ್ಯೇಕ ಪತ್ರ ಇಡಿ. ಒಂದರಲ್ಲಿ ಸಮಾರಂಭದ ಪ್ರಾಯೋಜಕತ್ವ. ಇದು ಅವರ ಜಾಹೀರಾತು ಖಾತೆಯಿಂದ ಬರಲಿ, ವೇದಿಕೆ ಮೇಲೆ ಬ್ಯಾನರ್ ಧಾರಾಳವಾಗಿ ಹಾಕಿ. ಇನ್ನೊಂದರಲ್ಲಿ ವರ್ಷವಿಡೀ ನಡೆಯುವ ತರಬೇತಿ ಯೋಜನೆ. ಉದಾಹರಣೆಗೆ ಮಧುಗಿರಿ, ಪಾವಗಡದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಖೋಖೋ, ಅಥ್ಲೆಟಿಕ್ಸ್ ಕಲಿಸಲು ಕೋಚ್ ಸಂಬಳ, ಮಕ್ಕಳಿಗೆ ಶೂ, ಮೊಟ್ಟೆ-ಹಾಲು, ಪ್ರಯಾಣದ ಖರ್ಚು. ಇದು ಸಿಎಸ್‌ಆರ್‌ಗೆ ಒಪ್ಪುತ್ತದೆ. ಆದರೆ ಈ ಹಣ ಪಡೆಯಲು ನಿಮ್ಮ ಸಂಘಕ್ಕೆ 12ಎ (ಸಂಘದ ಆದಾಯಕ್ಕೆ ತೆರಿಗೆ ವಿನಾಯಿತಿ) ಮತ್ತು 80ಜಿ ನೋಂದಣಿ, ಸಿಎಸ್‌ಆರ್-1 (ಸಿಎಸ್‌ಆರ್ ಹಣ ಪಡೆಯುವ ಸಂಸ್ಥೆಗಳು ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ಸಲ್ಲಿಸುವ ಅರ್ಜಿ) ನೋಂದಣಿ ಸಂಖ್ಯೆ, ಇಂಥ ಕೆಲಸ ಮಾಡಿದ ಮೂರು ವರ್ಷದ ದಾಖಲೆ ಇರಬೇಕು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿದೆ ಎಂಬುದೊಂದೇ ಸಾಲದು. ವರ್ಷವರ್ಷ ಲೆಕ್ಕಪತ್ರ ಸಲ್ಲಿಸದೆ ನೋಂದಣಿ ಧೂಳು ಹಿಡಿದಿದ್ದರೆ ಮೊದಲು ಜಿಲ್ಲಾ ನೋಂದಣಾಧಿಕಾರಿಗಳ ಕಚೇರಿಯಲ್ಲಿ ಅದನ್ನು ಸರಿಮಾಡಿಸಿ. ಕಂಪನಿಯ ಆಡಿಟರ್ ಮೊದಲು ಕೇಳುವುದೇ ಅದನ್ನು.

ಇನ್ನು 80ಜಿ. ಪ್ರತಿಫಲವಿಲ್ಲದೆ ಕೊಟ್ಟದ್ದು ದೇಣಿಗೆ. ಬ್ಯಾನರ್, ಜಾಹೀರಾತು ಪುಟ, ಮಳಿಗೆ ಜಾಗ ಪಡೆದು ಕೊಟ್ಟದ್ದು ವ್ಯವಹಾರ, ಅದಕ್ಕೆ 80ಜಿ ರಸೀದಿ ಕೊಟ್ಟರೆ ತಪ್ಪು ನಿಮ್ಮದಾಗುತ್ತದೆ. ಕಂಪನಿಗೂ ಅದರಿಂದ ಲಾಭವಿಲ್ಲ, ಜಾಹೀರಾತು ಖರ್ಚನ್ನು ಅವರು ವ್ಯಾಪಾರದ ಖರ್ಚೆಂದೇ ತೋರಿಸಬಹುದು. ವೈಯಕ್ತಿಕವಾಗಿ ಕೊಡುವ ಊರಿನ ದಾನಿಗಳಿಗೆ 80ಜಿ ಉಪಯೋಗಕ್ಕೆ ಬರುತ್ತದೆ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ. 2,000 ರೂಪಾಯಿ ಮೀರಿ ನಗದಾಗಿ ಕೊಟ್ಟರೆ ವಿನಾಯಿತಿ ಇಲ್ಲ ಎಂಬುದನ್ನು ರಸೀದಿ ಪುಸ್ತಕದ ಮೇಲೇ ಅಚ್ಚು ಹಾಕಿಸಿ, ಆಮೇಲಿನ ಜಗಳ ತಪ್ಪುತ್ತದೆ.

ಜಿಎಸ್‌ಟಿ ವಿಷಯದಲ್ಲಿ ಸಂಘಗಳು ಸುಮ್ಮನೆ ಹೆದರುತ್ತವೆ. ದಾನಿಯ ಹೆಸರನ್ನು ಕೃತಜ್ಞತೆಗೆಂದು ಬರೆದು, ಅದರಲ್ಲಿ ಅವರ ವ್ಯಾಪಾರದ ಪ್ರಚಾರವೇನೂ ಇಲ್ಲದಿದ್ದರೆ ಅದು ಸೇವೆಯ ಮಾರಾಟವಲ್ಲ, ಜಿಎಸ್‌ಟಿ ಬಾರದು. 2019ರ ಅಕ್ಟೋಬರ್ ಸುತ್ತೋಲೆಯಲ್ಲಿ ಇದು ಸ್ಪಷ್ಟವಾಗಿದೆ. 'ಈ ಫಲಕ ಇಂಥವರ ಸ್ಮರಣಾರ್ಥ ಅವರ ಮಕ್ಕಳ ಕೊಡುಗೆ' ಎಂದರೆ ದೇಣಿಗೆ. 'ಇಂಥ ಸಿಮೆಂಟ್, ಗಟ್ಟಿತನಕ್ಕೆ ಮತ್ತೊಂದು ಹೆಸರು' ಎಂದು ಬರೆದು ಲೋಗೊ ಹಾಕಿದಿರೋ, ಪ್ರಾಯೋಜಕತ್ವವಾಯಿತು. ಪ್ರಾಯೋಜಕರು ಕಂಪನಿಯೋ ಪಾಲುದಾರಿಕೆ ಸಂಸ್ಥೆಯೋ ಆಗಿದ್ದು, ಪಡೆಯುವ ನೀವು ಸಂಘ ಅಥವಾ ಟ್ರಸ್ಟ್ ಆಗಿದ್ದರೆ ಶೇ. 18ರ ತೆರಿಗೆಯನ್ನು ರಿವರ್ಸ್ ಚಾರ್ಜ್ ಪದ್ಧತಿಯಲ್ಲಿ ಅವರೇ ನೇರವಾಗಿ ಸರ್ಕಾರಕ್ಕೆ ಕಟ್ಟುತ್ತಾರೆ. ನೀವೇ ಒಂದು ಕಂಪನಿಯಾಗಿ ನೋಂದಣಿಯಾಗಿದ್ದರೆ ಮಾತ್ರ 2025ರ ಜನವರಿ 16ರಿಂದ ಲೆಕ್ಕ ಬೇರೆ, ತೆರಿಗೆ ನೀವೇ ವಸೂಲಿ ಮಾಡಿ ಕಟ್ಟಬೇಕು. ಜಿಲ್ಲೆ, ರಾಜ್ಯವನ್ನು ಪ್ರತಿನಿಧಿಸುವ ಆಟಗಾರರ ಮಾನ್ಯ ಪಂದ್ಯಾವಳಿಯ ಪ್ರಾಯೋಜಕತ್ವಕ್ಕೆ ಜಿಎಸ್‌ಟಿ ವಿನಾಯಿತಿ ಇದೆ. ಸನ್ಮಾನ ಸಮಾರಂಭ ಪಂದ್ಯಾವಳಿ ಅಲ್ಲ, ಅದನ್ನು ಇಲ್ಲಿಗೆ ಎಳೆಯಬೇಡಿ.

ಕೊನೆಯದಾಗಿ ಟಿಡಿಎಸ್, ಅಂದರೆ ಹಣ ಕೊಡುವವರೇ ಮೊದಲೇ ಮುರಿದುಕೊಂಡು ಕಟ್ಟುವ ಆದಾಯ ತೆರಿಗೆ. ಪ್ರಚಾರದ ಪ್ರತಿಫಲವಿರುವ ಪ್ರಾಯೋಜಕತ್ವದ ಒಂದು ಪಾವತಿ 30,000 ರೂಪಾಯಿ ದಾಟಿದರೆ ಸಂಘಕ್ಕೆ ಕೊಡುವಾಗ ಶೇ. 2 ಮುರಿದುಕೊಳ್ಳುತ್ತಾರೆ. ಐದು ಲಕ್ಷಕ್ಕೆ ಮಾತಾಡಿದ್ದು 4,90,000 ಬಂತೆಂದು ಸಭೆಯಲ್ಲಿ ಖಜಾಂಚಿ ಮೇಲೆ ಹರಿಹಾಯುವವರಿಗೆ ಇದನ್ನು ಮೊದಲೇ ತಿಳಿಸಿಡಿ. ಸಂಘದ ಪ್ಯಾನ್ ಕೊಟ್ಟಿದ್ದರೆ ಆ ಹತ್ತು ಸಾವಿರ ಸಂಘದ ತೆರಿಗೆ ಖಾತೆಗೆ ಜಮೆಯಾಗಿರುತ್ತದೆ, ರಿಟರ್ನ್ ಸಲ್ಲಿಸಿ ವಾಪಸ್ ಕೇಳಬಹುದು. ಅಧ್ಯಕ್ಷರ ಸ್ವಂತ ಪ್ಯಾನ್ ಕೊಟ್ಟಿದ್ದರೆ ಇನ್ನೊಂದು ರಗಳೆ ಶುರು.

ಪ್ರಶ್ನೆ: ಪ್ರಾಯೋಜಕರ ಜತೆ ಒಪ್ಪಂದ ಬರೆಸಿಕೊಳ್ಳಬೇಕೇ? ಎಲ್ಲರೂ ಪರಿಚಯದವರೇ.
— ಓದುಗರು, ಕೋಲಾರ

ಉತ್ತರ: ಪರಿಚಯದವರಾದ್ದರಿಂದಲೇ ಬರೆಸಿಕೊಳ್ಳಿ. ಒಂದೇ ಹಾಳೆ ಸಾಕು. ಮೊತ್ತ ಎಷ್ಟು, ಅರ್ಧ ಸಹಿಯ ದಿನ, ಉಳಿದದ್ದು ಸಮಾರಂಭಕ್ಕೆ 15 ದಿನ ಮೊದಲು. ಬ್ಯಾನರ್ ಎಷ್ಟು, ಯಾವ ಅಳತೆ, ಎಲ್ಲಿ. ಮಾತಿಗೆ ಅವಕಾಶವಿದೆಯೇ, ಇದ್ದರೆ ಎಷ್ಟು ನಿಮಿಷ. ಅದೇ ವ್ಯಾಪಾರದ ಇನ್ನೊಬ್ಬರನ್ನು ಸೇರಿಸಿಕೊಳ್ಳಬಹುದೇ. ಒಂದೇ ಬೀದಿಯ ಎರಡು ಚಿನ್ನದಂಗಡಿಗಳನ್ನು ಒಂದೇ ವೇದಿಕೆಗೆ ತಂದ ಸಂಘಕ್ಕೆ ಮರು ವರ್ಷ ಎರಡೂ ಅಂಗಡಿಯಿಂದ ಹಣ ಬರುವುದಿಲ್ಲ.

ಎಲ್ಲರೂ ಮರೆಯುವ ಸಾಲು ಮುಂದೂಡಿಕೆಯದು. ಸರ್ಕಾರಿ ಶೋಕಾಚರಣೆ, ಚುನಾವಣಾ ನೀತಿಸಂಹಿತೆ, ಮಳೆ, ಇವುಗಳಿಂದ ದಿನ ಬದಲಾದರೆ ಹಣ ಹೊಸ ದಿನಕ್ಕೆ ಅನ್ವಯ, ವಾಪಸ್ ಇಲ್ಲ ಎಂದು ಬರೆಯಿರಿ. ಮೇಜರ್ ಧ್ಯಾನ್‌ಚಂದ್ ಜನ್ಮದಿನವೆಂದು ಆಗಸ್ಟ್ 29ನ್ನೇ ಹಲವರು ಆರಿಸುತ್ತಾರೆ. ದಿನ ಒಳ್ಳೆಯದೇ, ಆದರೆ ನಮ್ಮ ಬಯಲುಸೀಮೆಗೆ ಮಳೆ ಜೋರಾಗುವ ಸೆಪ್ಟೆಂಬರ್, ಅಕ್ಟೋಬರ್ ಬಾಗಿಲಲ್ಲೇ ಇರುತ್ತವೆ. ಆ ದಿನವೇ ಬೇಕೆಂದರೆ ಚಾವಣಿ ಇರುವ ಜಾಗ ಹಿಡಿಯಿರಿ.

ಯಾರ ಹಣ ಬೇಡ ಎಂಬುದೂ ಹಾಳೆ ಬರೆಯುವ ಮೊದಲೇ ತೀರ್ಮಾನವಾಗಲಿ. ತಂಬಾಕು ಕಂಪನಿಯ ಪ್ರಾಯೋಜಕತ್ವವನ್ನು 2003ರ ಕಾಯ್ದೆ ನಿಷೇಧಿಸಿದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಜಾಹೀರಾತನ್ನು 2025ರ ಕಾಯ್ದೆ. ಗುಟ್ಕಾ ಹೆಸರಿನದೇ ಏಲಕ್ಕಿ ಪೊಟ್ಟಣ, ಮದ್ಯದ ಹೆಸರಿನದೇ ಸೋಡಾ ಎಂದು ಬರುವವರನ್ನೂ ಕೈಮುಗಿದು ಕಳಿಸಿ.

ಪ್ರಶ್ನೆ: ಸ್ಮರಣ ಸಂಚಿಕೆ ತಂದು ಜಾಹೀರಾತಿನಿಂದ ಖರ್ಚು ತೂಗಿಸಬಹುದೇ?
— ಓದುಗರು, ತಿಪಟೂರು

ಉತ್ತರ: ತೂಗಿಸಬಹುದು, ಹಣ ಕೈಗೆ ಬಂದ ಜಾಹೀರಾತನ್ನಷ್ಟೇ ಅಚ್ಚಿಗೆ ಕಳಿಸುವ ಗಟ್ಟಿ ಮನಸ್ಸಿದ್ದರೆ. 'ಹಾಕಿ ಸ್ವಾಮಿ, ಆಮೇಲೆ ಕೊಡ್ತೀನಿ' ಎಂದವರಲ್ಲಿ ಅರ್ಧದಷ್ಟು ಮಂದಿಯ ಹಿಂದೆ ಯುಗಾದಿವರೆಗೂ ಅಲೆಯಬೇಕಾಗುತ್ತದೆ. ಮಧ್ಯದಲ್ಲಿ ಪಿನ್ ಹೊಡೆಯುವ ಪುಸ್ತಕಕ್ಕೆ ಪುಟಗಳು 4ರ ಗುಣಕದಲ್ಲಿರಬೇಕು. 50 ಪುಟಕ್ಕೆ ವಸ್ತು ಸೇರಿಸಿದರೆ ಎರಡು ಪುಟ ಖಾಲಿ ಬೀಳುತ್ತವೆ, 48ಕ್ಕೆ ಕಟ್ಟಿ. ಸಾಧಕರ ಪರಿಚಯದ ಪುಟದಲ್ಲಿ ಜಾಹೀರಾತು ಬೆರೆಸಬೇಡಿ. ಸಮಾರಂಭ ಮುಗಿದ ಮೇಲೂ ಜನ ತೆಗೆದಿಟ್ಟುಕೊಳ್ಳುವುದು ಆ ಪುಟಗಳನ್ನೇ.

ಪ್ರಶ್ನೆ: ಹಿಂದಿನ ಸಲ ಫಲಕದಲ್ಲಿ ಹೆಸರುಗಳ ಒತ್ತಕ್ಷರ ಎಲ್ಲೆಲ್ಲೋ ಹೋಗಿ ನಗೆಪಾಟಲಾಯಿತು. ಹಿತ್ತಾಳೆಯೂ ವರ್ಷದೊಳಗೆ ಕಪ್ಪಾಯಿತು. ಏನು ತಪ್ಪಾಗಿರಬಹುದು?
— ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಅಕ್ಷರ ಒಡೆಯುವುದು ಕೆತ್ತುವವರ ಕೈಯಲ್ಲಲ್ಲ, ಫೈಲ್ ಕೈ ಬದಲಾಯಿಸುವಾಗ. 'ನುಡಿ' ಕನ್ನಡ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಸ ಕಾಣುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದನ್ನು ಹಳೆಯ ಕೋರೆಲ್‌ಡ್ರಾ ವಿನ್ಯಾಸ ತಂತ್ರಾಂಶಕ್ಕೆ ಅಂಟಿಸಿದರೆ ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಸರಿಯುತ್ತದೆ, ಅರ್ಕಾವತ್ತು ಜಾಗ ತಪ್ಪುತ್ತದೆ. 'ಕೃಷ್ಣಮೂರ್ತಿ', 'ಲಕ್ಷ್ಮೀನರಸಯ್ಯ' ಎಂಬ ಎರಡು ಹೆಸರು ಕೊಟ್ಟು ನೋಡಿ, ಒಡೆಯುವ ಜಾಗವೆಲ್ಲ ಅಲ್ಲೇ ಸಿಕ್ಕಿಬೀಳುತ್ತದೆ. ಸರಿಯಾಗಿ ಕಾಣುವ ಕಂಪ್ಯೂಟರಿನಲ್ಲೇ ಅಕ್ಷರಗಳನ್ನು ಕರ್ವ್ಸ್‌ಗೆ (ಫಾಂಟ್ ಬೇಡದ ಚಿತ್ರರೇಖೆಗಳಿಗೆ) ಬದಲಿಸಿ, ಪಿಡಿಎಫ್ ಮಾಡಿ ಕೊಡಿ. ವಾಟ್ಸ್ಆ್ಯಪ್‌ನಲ್ಲಿ ಹೆಸರು ಟೈಪ್ ಮಾಡಿ ಕಳಿಸಿ 'ನೋಡ್ಕಂಡು ಹಾಕ್ಬಿಡಿ' ಎನ್ನುವ ಪದ್ಧತಿ ನಿಲ್ಲಲಿ.

ಕರಡನ್ನು ಮೂಲ ಅಳತೆಯಲ್ಲೇ ಕಾಗದದ ಮೇಲೆ ತೆಗೆಸಿ, ಇಬ್ಬರು ಗಟ್ಟಿಯಾಗಿ ಓದಬೇಕು, ಒಬ್ಬರು ಹೆಸರನ್ನು ಸಾಧಕರ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಅಥವಾ ಆಧಾರ್ ಜೊತೆ ತಾಳೆ ನೋಡಬೇಕು. ಇನಿಷಿಯಲ್ ತಪ್ಪಾದರೆ ಮನೆಯವರು ಕ್ಷಮಿಸುವುದಿಲ್ಲ.

ಹಿತ್ತಾಳೆ ಹಾಳೆ 1.5 ಮಿ.ಮೀ. ದಪ್ಪವಿರಲಿ, ತೆಳುವಾದದ್ದು ಸ್ಕ್ರೂ ಬಿಗಿದ ಕಡೆ ಸೊಟ್ಟಗಾಗುತ್ತದೆ. ಅಕ್ಷರವನ್ನು ಆಸಿಡ್‌ನಲ್ಲಿ ಕೊರೆಸಿ ಎನಾಮೆಲ್ ಬಣ್ಣ ತುಂಬಿಸಿ, ಮೇಲೆ ಲ್ಯಾಕರ್ (ಪಾರದರ್ಶಕ ರಕ್ಷಣಾ ಲೇಪ) ಹೊಡೆಸಿ. ಕಪ್ಪಾದದ್ದು ಲ್ಯಾಕರ್ ಇಲ್ಲದ್ದಕ್ಕೆ, ಇಲ್ಲವೇ ಯಾರೋ ಭಕ್ತಿಯಿಂದ ಹುಣಸೆಹಣ್ಣು ಹಾಕಿ ತಿಕ್ಕಿ ಅದನ್ನು ತೆಗೆದುಬಿಟ್ಟಿದ್ದಕ್ಕೆ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಆರು ಅಡಿ ದೂರದಿಂದ ಓದಬೇಕಾದರೆ ಹೆಸರಿನ ಅಕ್ಷರ 15 ಮಿ.ಮೀ., ಉಳಿದದ್ದು 8 ಮಿ.ಮೀ. ಎತ್ತರವಿರಲಿ. ಪ್ರಾಯೋಜಕರ ಹೆಸರು ಇದೇ ಹಾಳೆಯಲ್ಲಿ ಬೇಡ. ಕೆಳಗೆ ಬೇರೆ ಪಟ್ಟಿ ಮಾಡಿಸಿ ಎರಡು ಸ್ಕ್ರೂ ಹಾಕಿ. ಪ್ರಾಯೋಜಕರು ಬದಲಾಗುತ್ತಾರೆ, ಸಾಧಕರು ಬದಲಾಗುವುದಿಲ್ಲ.

ಪ್ರಶ್ನೆ: ಈ ಬಾರಿಯ ಸಾಧಕರಲ್ಲಿ ಗಾಲಿಕುರ್ಚಿ ಬಳಸುವ ಪ್ಯಾರಾ ಕ್ರೀಡಾಪಟು ಇದ್ದಾರೆ. ನಾಲ್ಕು ಜನ ಎತ್ತಿ ವೇದಿಕೆಗೆ ತಂದರೆ ಆಗದೇ?
— ಓದುಗರು, ಗುಬ್ಬಿ

ಉತ್ತರ: ಆಗದು. ಎತ್ತಿಕೊಂಡು ಬರುವ ಫೋಟೊ ಮರುದಿನ ಪತ್ರಿಕೆಯಲ್ಲಿ ಬಂದರೆ ಸನ್ಮಾನ ಹೋಗಿ ಅವಮಾನವಾಗುತ್ತದೆ. ರ್‍ಯಾಂಪ್ ಇಳಿಜಾರು 1ಕ್ಕೆ 12 ಇರಬೇಕು: ವೇದಿಕೆ ಒಂದು ಅಡಿ ಎತ್ತರವಿದ್ದರೆ 12 ಅಡಿ ಉದ್ದ. ಶಾಮಿಯಾನದವರು ಮಾಮೂಲಾಗಿ ಹಾಕುವ ಮೂರು ಅಡಿ ವೇದಿಕೆಗೆ 36 ಅಡಿ ಬೇಕಾಗುತ್ತದೆ, ಅಷ್ಟು ಜಾಗವಿಲ್ಲವೆಂದು ಅವರು ಹತ್ತು ಅಡಿ ಹಲಗೆ ಇಟ್ಟುಬಿಡುತ್ತಾರೆ. ಅದರ ಮೇಲೆ ಕುರ್ಚಿ ತಳ್ಳಲು ಹೋದರೆ ಹಿಂದಕ್ಕೆ ಮಗುಚುತ್ತದೆ. ವೇದಿಕೆಯನ್ನೇ ಒಂದೂವರೆ ಅಡಿಗೆ ಇಳಿಸಿ, 18 ಅಡಿ ರ್‍ಯಾಂಪ್ ಹಾಕಿಸಿ, ಅಗಲ ನಾಲ್ಕು ಅಡಿ, ಎರಡೂ ಬದಿಗೆ ಅಂಚುಪಟ್ಟಿ. ಕೆಂಪು ಕಾರ್ಪೆಟ್ಟನ್ನು ರ್‍ಯಾಂಪ್ ಮೇಲೆ ಸಡಿಲವಾಗಿ ಹಾಸಬೇಡಿ, ಮಡಿಕೆಗೆ ಮುಂದಿನ ಚಿಕ್ಕ ಚಕ್ರ ಸಿಕ್ಕಿಕೊಳ್ಳುತ್ತದೆ. ಮೊಳೆ ಹೊಡೆದು ಬಿಗಿಸಿ. ಮೊಣಕಾಲು ನೋವಿನ ಹಳೆಯ ಕಬಡ್ಡಿಯವರೂ ಅದೇ ದಾರಿಯಲ್ಲಿ ಬರುತ್ತಾರೆ, ನೋಡಿ.

ಎಲ್ಲ ಸಾಧಕರನ್ನೂ ಸಭಿಕರ ಮಟ್ಟದಲ್ಲೇ ಮುಂದಿನ ಸಾಲಿನಲ್ಲಿ ಕೂರಿಸಿ, ಅತಿಥಿಗಳೇ ಇಳಿದು ಬಂದು ಸನ್ಮಾನಿಸುವುದು ಇನ್ನೂ ಚೆಂದ. ತಲೆಗೆ ಒಂದು ನಿಮಿಷವೂ ಉಳಿಯುತ್ತದೆ.

ಪ್ರಶ್ನೆ: ಕ್ರೀಡಾಂಗಣದಲ್ಲೇ ಮಾಡೋಣ ಎನ್ನುವವರು ಕೆಲವರು, ರಂಗಮಂದಿರ ಸಾಕು ಎನ್ನುವವರು ಕೆಲವರು. ಯಾವುದು ಮೇಲು?
— ಓದುಗರು, ತುಮಕೂರು

ಉತ್ತರ: ನಾನೂರು-ಐನೂರು ಜನಕ್ಕೆ ಡಾ. ಗುಬ್ಬಿ ವೀರಣ್ಣ ಕಲಾಕ್ಷೇತ್ರದಂಥ ಒಳಾಂಗಣವೇ ಮೇಲು. ಮಹಾತ್ಮ ಗಾಂಧಿ ಕ್ರೀಡಾಂಗಣದಂಥ ಬಯಲಿಗೆ ಹೋದರೆ ಧ್ವನಿವರ್ಧಕಕ್ಕೆ ಪೊಲೀಸ್ ಅನುಮತಿ ಬೇಕು, ರಾತ್ರಿ 10ಕ್ಕೆ ಮೈಕ್ ನಿಲ್ಲಲೇಬೇಕು, ಮಳೆ ಭಯ ಬೇರೆ. ಸಿಂಥೆಟಿಕ್ ಟ್ರ್ಯಾಕ್ ಇರುವ ಯಾವ ಕ್ರೀಡಾಂಗಣದಲ್ಲೂ ಟ್ರ್ಯಾಕ್ ಮೇಲೆ ಶಾಮಿಯಾನದ ಗೂಟ ಹೊಡೆಯುವಂತಿಲ್ಲ, ಜನರೇಟರ್ ಲಾರಿ ಹತ್ತಿಸುವಂತಿಲ್ಲ. ಕಬ್ಬಿಣದ ಕುರ್ಚಿಯ ಕಾಲು ಒತ್ತಿದ ಗುಳಿಯೂ ಉಳಿದುಬಿಡುತ್ತದೆ, ಒಲೆಯ ಕೆಂಡವಂತೂ ತೂತೇ ಮಾಡುತ್ತದೆ. ಓಟಗಾರರನ್ನು ಗೌರವಿಸಲು ಓಟದ ಹಾದಿ ಹಾಳು ಮಾಡುವುದು ಯಾವ ನ್ಯಾಯ?

ಎಲ್ಲೇ ಮಾಡಿದರೂ ಫ್ಲೆಕ್ಸ್ ಬೇಡ. ರಾಜ್ಯದಲ್ಲಿ 2016ರಿಂದಲೇ ಅದಕ್ಕೆ ನಿಷೇಧವಿದೆ. ಬಟ್ಟೆಯ ಮೇಲೆ ಮುದ್ರಿಸಿದ ಬ್ಯಾನರ್ ಎಂದು ಪ್ರಾಯೋಜಕರ ಒಪ್ಪಂದದಲ್ಲೇ ನಮೂದಿಸಿ, ಇಲ್ಲದಿದ್ದರೆ ಅವರು ತಾವೇ ಫ್ಲೆಕ್ಸ್ ಹೊಡೆಸಿ ತಂದು ನಿಲ್ಲಿಸುತ್ತಾರೆ, ದಂಡ ಸಂಘಕ್ಕೆ ಬೀಳುತ್ತದೆ.

ಪ್ರಶ್ನೆ: ಜನಪ್ರತಿನಿಧಿಗಳನ್ನು ಕರೆದರೆ ಕಾರ್ಯಕ್ರಮ ಅವರದೇ ಆಗುತ್ತದೆ, ಕರೆಯದಿದ್ದರೆ ಬೇಸರ. ದಾರಿ?
— ಓದುಗರು, ಶಿರಾ

ಉತ್ತರ: ಸರ್ಕಾರಿ ಶಿಷ್ಟಾಚಾರ ಸರ್ಕಾರಿ ಕಾರ್ಯಕ್ರಮಕ್ಕೆ. ಖಾಸಗಿ ಸಂಘ ಯಾರನ್ನು ಬೇಕಾದರೂ ಕರೆಯಬಹುದು. ಆದರೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಸಹಯೋಗ ಎಂದು ಕಾರ್ಡಿನಲ್ಲಿ ಹಾಕಿದರೆ ಶಿಷ್ಟಾಚಾರದ ಪಟ್ಟಿಯಂತೆ ಎಲ್ಲರ ಹೆಸರೂ ಬರಬೇಕು, ಅಚ್ಚಿಗೆ ಮೊದಲು ಇಲಾಖೆಗೆ ತೋರಿಸಿ. ಉದ್ಘಾಟನೆಯನ್ನು ಅವರಿಂದ ಮಾಡಿಸಿ ಭಾಷಣವನ್ನು ಮೊದಲೇ ಮುಗಿಸಿ. ಸನ್ಮಾನ ಅವರಿಗಾಗಿ ಕಾಯಬಾರದು. ಬರುವುದು ತಡವಾದರೆ ನಾಡಗೀತೆ ಮುಗಿದ ಕೂಡಲೇ ಮೊದಲ ಇಬ್ಬರು ಸಾಧಕರ ಸನ್ಮಾನ ಶುರು ಮಾಡುತ್ತೇವೆ ಎಂದು ಅವರ ಆಪ್ತ ಸಹಾಯಕರಿಗೆ ಹಿಂದಿನ ದಿನವೇ ಫೋನ್ ಮಾಡಿ ಹೇಳಿ. ಬಹಳ ಸಲ ಆ ಫೋನಿನ ಕಾರಣಕ್ಕೇ ಹೊತ್ತಿಗೆ ಸರಿಯಾಗಿ ಬಂದುಬಿಡುತ್ತಾರೆ.

ಪ್ರಶ್ನೆ: ಊಟಕ್ಕೆ ಎಷ್ಟು ಎಲೆ ಹೇಳಬೇಕು?
— ಓದುಗರು, ಕುಣಿಗಲ್

ಉತ್ತರ: ಕಾರ್ಡಿನ ಎಣಿಕೆ ಬಿಡಿ, ಫೋನ್ ಮಾಡಿ ಬರುತ್ತೇವೆಂದವರ ಎಣಿಕೆ ಹಿಡಿಯಿರಿ. ಪ್ರತಿ ಸಾಧಕರಿಗೆ ಮನೆಯವರು, ಗೆಳೆಯರು ಸೇರಿ ಹದಿನೈದು. ಎಂಟು ಮಂದಿಗೆ 120. ಸ್ವಯಂಸೇವಕ ಮಕ್ಕಳು, ಪೊಲೀಸರು, ಡ್ರೈವರ್‌ಗಳು, ಮೈಕ್‌ನವರು ಸೇರಿ ನಲವತ್ತಾದರೂ ಆಗುತ್ತಾರೆ, ಎಲ್ಲರೂ ಮರೆಯುವುದು ಇವರನ್ನೇ. ಒಟ್ಟು ಎಣಿಕೆ 400 ಬಂದರೆ 350 ಎಲೆಗೆ ಖಾತ್ರಿ ಕೊಟ್ಟು, ಮೇಲೆ 50ಕ್ಕೆ ಅಕ್ಕಿ-ಬೇಳೆ ಅಡುಗೆಯವರ ಬಳಿ ಸಿದ್ಧವಿರಲಿ ಎಂದು ಮಾತಾಡಿಕೊಳ್ಳಿ. ಅನ್ನ-ಸಾರು ಮುಕ್ಕಾಲು ಗಂಟೆಯಲ್ಲಿ ಮತ್ತೆ ಆಗುತ್ತದೆ, ಹೋಳಿಗೆ ಆಗುವುದಿಲ್ಲ. ಹಾಗಾಗಿ ಸಿಹಿಯನ್ನು ಮಾತ್ರ ಪೂರ್ತಿ 400ಕ್ಕೆ ಹೇಳಿ. ಸಾಧಕರಲ್ಲಿ ಸಕ್ಕರೆ ಕಾಯಿಲೆಯವರು ಇದ್ದೇ ಇರುತ್ತಾರೆ, ಕಾರ್ಯಕ್ರಮ ಎಂಟಕ್ಕೆ ಮುಗಿಯದಂತೆ ಕಂಡರೆ ಏಳಕ್ಕೇ ಅವರ ಕೈಗೆ ಒಂದು ತಟ್ಟೆ ಉಪ್ಪಿಟ್ಟು ಮುಟ್ಟಿಸಿ.